ಸರಕು ಯಾವ ಸಾಲಿನಲ್ಲಿ ಕುಳಿತಿದೆ: ಆನ್‌ಲೈನ್ ಮಾರುಕಟ್ಟೆಯಲ್ಲಿ ವರ್ಗದ ಆಯ್ಕೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂಜೀವಿನಿ ಯೋಜನೆಯಡಿ ರಚಿತವಾದ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಆನ್‌ಲೈನಿಗೆ ಹಾಕಿ ಮೂರು ತಿಂಗಳಾಯಿತು, ಒಂದೂ ಆರ್ಡರ್ ಬರಲಿಲ್ಲ." ಆ ಮಾತಿನ ಬೆನ್ನಿಗೇ ತೀರ್ಮಾನವೂ ಬರುತ್ತದೆ: ಈ ಸರಕಿಗೆ ಬೇಡಿಕೆಯಿಲ್ಲ. ಅಲ್ಲಿಗೆ ಹೊಲಿಗೆ ನಿಲ್ಲುತ್ತದೆ, ಹಪ್ಪಳದ ಒರಳು ಮೂಲೆ ಸೇರುತ್ತದೆ. ಸಮುದಾಯ ಬಂಡವಾಳ ನಿಧಿಯಿಂದ ಪಡೆದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಬೇಡಿಕೆ ಇಲ್ಲದಿರುವುದು ಬೇರೆ, ಕೊಳ್ಳುವವರ ಕಣ್ಣಿಗೆ ಸರಕು ಬೀಳದಿರುವುದು ಬೇರೆ. ಎರಡರ ಫಲವೂ ಹೊರನೋಟಕ್ಕೆ ಒಂದೇ: ಆರ್ಡರ್ ಶೂನ್ಯ. ಪರಿಹಾರ ಮಾತ್ರ ಪೂರ್ತಿ ಬೇರೆ. ಮೊದಲನೆಯದಕ್ಕೆ ಸರಕನ್ನೇ ಬದಲಿಸಬೇಕು. ಎರಡನೆಯದಕ್ಕೆ ಹಲವು ವೇಳೆ ಅರ್ಜಿ ನಮೂನೆಯ ಒಂದು ಅಂಕಣವನ್ನು ಬದಲಿಸಿದರೆ ಸಾಕಾಗುತ್ತದೆ. ಆ ಅಂಕಣವೇ ವರ್ಗ, ಅಂದರೆ ಎಲ್ಲರೂ ಕೆಟಗರಿ ಎನ್ನುವುದು. ಸರಕನ್ನು ನೋಂದಾಯಿಸುವಾಗ ಬಹುಬೇಗ ತುಂಬಿ ಮುಗಿಸುವ ಅಂಕಣವೂ ಅದೇ.

ಸಂತೆಯಲ್ಲಿ ಕಾಳುಕಡಿಯ ಸಾಲು ಬೇರೆ, ಒಣಮೆಣಸಿನಕಾಯಿಯ ಸಾಲು ಬೇರೆ, ಹಗ್ಗ ಕಣ್ಣಿಗಳ ಸಾಲು ಬೇರೆ, ದನದ ಸಂತೆ ಊರಾಚೆಯ ಬಯಲಿನಲ್ಲಿ. ಕಂಬಳಿ ಮಾರುವವನು ಈರುಳ್ಳಿಯ ಸಾಲಿನಲ್ಲಿ ಕುಳಿತರೂ ಒಂದಿಷ್ಟು ವ್ಯಾಪಾರವಾದೀತು. ಅವನು ಕೂಗಿ ಕರೆಯಬಹುದು. ದಾರಿಹೋಕರ ಕಣ್ಣಿಗೆ ಬೀಳಬಹುದು. ಪಕ್ಕದ ಅಂಗಡಿಯವನೇ "ಕಂಬಳಿ ಅಲ್ಲಿ ಕೂತಿದೆ ನೋಡಿ" ಎಂದು ಕೈ ತೋರಿಸಬಹುದು. ಆನ್‌ಲೈನ್ ಮಾರುಕಟ್ಟೆಯಲ್ಲಿ ಈ ಮೂರೂ ಸೌಲಭ್ಯಗಳಿಲ್ಲ. ಕೊಳ್ಳುವವರು ಸಾಲಿನೊಳಗೆ ಕಾಲಿಟ್ಟ ಕ್ಷಣದಲ್ಲಿಯೇ ಉಳಿದ ಸಾಲುಗಳು ಮರೆಯಾಗುತ್ತವೆ.

ಕೃಷಿ ಮಾರುಕಟ್ಟೆಯ ಅನುಭವವುಳ್ಳ ಸದಸ್ಯರಿಗೆ ಇದು ಹೊಸದೆನಿಸದು. ರಾಜ್ಯದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಎಪಿಎಂಸಿಗಳ ಹರಾಜು ಗಣಕೀಕೃತವಾಗುತ್ತ ಬಂದಿದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ತಳಿಗಳಿವೆ. ಬಣ್ಣಕ್ಕೆಂದು ಕೊಳ್ಳುವವರ ಲೆಕ್ಕಾಚಾರವೇ ಬೇರೆ, ಖಾರಕ್ಕೆಂದು ಕೊಳ್ಳುವವರ ಲೆಕ್ಕಾಚಾರವೇ ಬೇರೆ. ಲಾಟು ಬೇರೆ ತಳಿಯ ಹೆಸರಿನಲ್ಲಿ ದಾಖಲಾದರೆ ಅದನ್ನು ಬಯಸುವ ವರ್ತಕನ ಪರದೆಯಲ್ಲಿ ಅದು ಇದ್ದೂ ಇಲ್ಲದಂತೆ. ಆದರೂ ಎಪಿಎಂಸಿ ಪ್ರಾಂಗಣದಲ್ಲಿ ವರ್ತಕನು ರಾಶಿಗೆ ಕೈ ಹಾಕಿ ನೋಡುವ ಅವಕಾಶವಿದೆ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕುವ ಗ್ರಾಹಕಿಗೆ ಅದೂ ಇಲ್ಲ.

ಹುಡುಕಾಟ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಗ್ರಾಹಕರು ಒಂದು ಪದವನ್ನು ಟೈಪು ಮಾಡಿದಾಗ ವೇದಿಕೆಯ ಗಣಕ ವ್ಯವಸ್ಥೆ ಆ ಪದವಿರುವ ಎಲ್ಲ ಸರಕುಗಳನ್ನು ಸುಮ್ಮನೆ ಎತ್ತಿ ತೋರಿಸುವುದಿಲ್ಲ. ಈ ಪದವನ್ನು ಹುಡುಕಿದ ಹಿಂದಿನ ಗ್ರಾಹಕರು ಯಾವ ವರ್ಗದ ಸರಕನ್ನು ಒತ್ತಿ ನೋಡಿದರು, ಯಾವುದನ್ನು ಕೊಂಡರು ಎಂಬುದರ ಆಧಾರದ ಮೇಲೆ ಅದು ಒಂದು ಊಹೆ ಮಾಡುತ್ತದೆ. "ಬೊಂಬೆ" ಎಂದು ಟೈಪಿಸಿದವರಲ್ಲಿ ಹೆಚ್ಚಿನವರು ಆಟಿಕೆಯ ವರ್ಗಕ್ಕೆ ಹೋಗಿದ್ದರೆ ಆಟಿಕೆಯ ವರ್ಗದ ಸರಕು ಮೇಲಕ್ಕೆ ಬರುತ್ತದೆ, ಅಲಂಕಾರ ಸಾಮಗ್ರಿಯ ವರ್ಗದ್ದು ಕೆಳಕ್ಕೆ ಸರಿಯುತ್ತದೆ. ಹೆಸರಿನಲ್ಲಿ ಪದ ಇರುವುದು ಪ್ರವೇಶಪತ್ರ ಮಾತ್ರ. ಎಲ್ಲಿ ಕೂರಿಸಬೇಕೆಂಬುದನ್ನು ತೀರ್ಮಾನಿಸುವಲ್ಲಿ ವರ್ಗಕ್ಕೆ ದೊಡ್ಡ ಪಾಲಿದೆ.

ಎರಡನೆಯ ಹಂತ ಇನ್ನೂ ಕಠೋರವಾದುದು. ಗ್ರಾಹಕರು ಪರದೆಯ ಬದಿಯಲ್ಲಿರುವ ಆಯ್ಕೆಗಳನ್ನು, ಅಂದರೆ ಫಿಲ್ಟರುಗಳನ್ನು ಒತ್ತುತ್ತಾರೆ: ಬೆಲೆ, ಅಳತೆ, ಬಟ್ಟೆಯ ಬಗೆ, ಮಗುವಿನ ವಯಸ್ಸು. ಈ ಆಯ್ಕೆಗಳು ಪ್ರತಿ ವರ್ಗಕ್ಕೂ ಬೇರೆಬೇರೆ. ಸೀರೆಯ ವರ್ಗದಲ್ಲಿ ನೇಯ್ಗೆಯ ಬಗೆ, ರವಿಕೆ ಬಟ್ಟೆ ಇದೆಯೇ ಎಂಬ ಪ್ರಶ್ನೆಗಳಿರುತ್ತವೆ. ಆಹಾರದ ವರ್ಗದಲ್ಲಿ ತೂಕ, ಬಾಳಿಕೆಯ ಅವಧಿ. ತಪ್ಪು ವರ್ಗದಲ್ಲಿ ನೋಂದಾಯಿತವಾದ ಸರಕಿಗೆ ಸರಿಯಾದ ಪ್ರಶ್ನೆಗಳನ್ನೇ ಯಾರೂ ಕೇಳಿರುವುದಿಲ್ಲ, ಆದ್ದರಿಂದ ಉತ್ತರವೂ ದಾಖಲಾಗಿರುವುದಿಲ್ಲ. ಒಂದು ಆಯ್ಕೆಯನ್ನು ಒತ್ತಿದೊಡನೆ ಆ ಸರಕು ಪಟ್ಟಿಯಿಂದ ಬಿದ್ದುಹೋಗುತ್ತದೆ. ಕೆಳಕ್ಕೆ ಸರಿಯುವುದೂ ಇಲ್ಲ, ಪೂರ್ತಿ ಇಲ್ಲವಾಗುತ್ತದೆ.

ವರ್ಗವೇ ಸರ್ವಸ್ವ ಎಂದು ಇದರ ಅರ್ಥವಲ್ಲ. ಹಿಂದಿನ ಮಾರಾಟ, ಗ್ರಾಹಕರ ಅಭಿಪ್ರಾಯ, ಬೆಲೆ, ತಲುಪಿಸಲು ಬೇಕಾಗುವ ದಿನಗಳು, ಹಣ ಕೊಟ್ಟು ಹಾಕುವ ಜಾಹೀರಾತು ಇವೆಲ್ಲವೂ ಸ್ಥಾನವನ್ನು ನಿರ್ಧರಿಸುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಹಳ್ಳಿಯ ಸಂಘವೊಂದರ ಕೈಯಳತೆಯಲ್ಲಿಲ್ಲ. ವರ್ಗದ ಆಯ್ಕೆ ಇದೆ, ಮತ್ತು ಅದಕ್ಕೆ ಖರ್ಚಿಲ್ಲ.

ಅತ್ಯಂತ ಸಾಮಾನ್ಯವಾದ ತಪ್ಪೆಂದರೆ "ಇತರೆ" ಎಂಬ ವರ್ಗ. ನೋಂದಣಿ ಮಾಡಿಕೊಡುವ ವ್ಯಕ್ತಿಗೆ ಒಂದೇ ದಿನದಲ್ಲಿ ಹಲವು ಸಂಘಗಳ ಸರಕು ಮುಗಿಸುವ ಅವಸರ. ಪಟ್ಟಿಯಲ್ಲಿ ತಡಕಾಡುವುದಕ್ಕಿಂತ "ಇತರೆ" ಸುಲಭ. ಪಂಚಾಯಿತಿಯ ಲೆಕ್ಕಪತ್ರದಲ್ಲಿ "ಇತರೆ ವೆಚ್ಚ" ಎಂಬ ಶೀರ್ಷಿಕೆಯಡಿ ಹೋದದ್ದನ್ನು ಲೆಕ್ಕ ಪರಿಶೋಧಕರಾದರೂ ಹುಡುಕಿ ತೆಗೆಯುತ್ತಾರೆ. ಮಾರುಕಟ್ಟೆಯ "ಇತರೆ"ಯನ್ನು ಹುಡುಕಿಕೊಂಡು ಯಾವ ಗ್ರಾಹಕರೂ ಬರುವುದಿಲ್ಲ.

ಕೌದಿಯ ಉದಾಹರಣೆ ಈ ವಿಷಯವನ್ನು ಚೆನ್ನಾಗಿ ತಿಳಿಸುತ್ತದೆ. ಹಳೆಯ ಸೀರೆ ಧೋತರಗಳ ಪದರಗಳನ್ನು ಒಂದರ ಮೇಲೊಂದು ಇಟ್ಟು, ಸಾಲು ಸಾಲಾಗಿ ಕೈದಾರದಿಂದ ಹೊಲಿದ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯ ವಸ್ತು; ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗೆ ದೇಶದಾಚೆಯೂ ಹೆಸರಿದೆ. ಆನ್‌ಲೈನ್ ಮಾರುಕಟ್ಟೆಗಳ ವರ್ಗಪಟ್ಟಿಯಲ್ಲಿ "ಕೌದಿ" ಎಂಬ ವರ್ಗವನ್ನು ನಿರೀಕ್ಷಿಸುವಂತಿಲ್ಲ. ಹಾಗಾದರೆ ಅದನ್ನು ಎಲ್ಲಿ ಇಡಬೇಕು? ಬೆಡ್‌ಶೀಟು? ಕಂಬಳಿ? ರಜಾಯಿ? ದೋಹರ್? ಹಾಸಿಗೆಯ ಮೇಲ್ಹೊದಿಕೆ? ಗೋಡೆಗೆ ತೂಗುಹಾಕುವ ಅಲಂಕಾರ? ಪ್ರತಿಯೊಂದಕ್ಕೂ ಸ್ವಲ್ಪ ನ್ಯಾಯವಿದೆ. ಪ್ರತಿಯೊಂದೂ ಬೇರೆ ಗ್ರಾಹಕರ ಬಳಿಗೆ ಒಯ್ಯುತ್ತದೆ.

ಬೆಡ್‌ಶೀಟಿನ ವರ್ಗದಲ್ಲಿಟ್ಟರೆ ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆಗಳ ಪಕ್ಕದಲ್ಲಿ ಕೌದಿ ನಿಲ್ಲುತ್ತದೆ. ವಾರಗಟ್ಟಲೆ ಕೈಹೊಲಿಗೆಯ ಬೆಲೆ ಅಲ್ಲಿ ದುಬಾರಿಯಾಗಿ ತೋರುತ್ತದೆ. ಬೆಲೆಯ ಆಯ್ಕೆಯನ್ನು ಒತ್ತಿದೊಡನೆ ಅದು ಹೊರಗೆ. ಕಂಬಳಿಯ ವರ್ಗದಲ್ಲಿ ಉಣ್ಣೆ ಎಷ್ಟು ಎಂದು ಕೇಳುತ್ತಾರೆ. ಕೌದಿಯಲ್ಲಿ ಉಣ್ಣೆಯೇ ಇಲ್ಲ. ರಜಾಯಿಯ ವರ್ಗದಲ್ಲಿ ಒಳತುಂಬು ಯಾವುದು, ಅಳತೆ ಏನು, ಯಾವ ಕಾಲಕ್ಕೆ ಎಂಬ ಪ್ರಶ್ನೆಗಳಿವೆ. ಹತ್ತಿ ಬಟ್ಟೆಯ ಪದರ, ಒಂಟಿ ಮಂಚದ ಅಳತೆ, ಎಲ್ಲ ಕಾಲಕ್ಕೆ ಎಂದು ಸತ್ಯವಾಗಿಯೇ ಉತ್ತರಿಸಬಹುದು. ಕೈಹೊಲಿಗೆಯ ರಜಾಯಿಗಾಗಿ ಬರುವವರು ಬೆಲೆ ಹೆಚ್ಚಿರುವುದನ್ನು ಮೊದಲೇ ಬಲ್ಲವರು. ಆದ್ದರಿಂದ ಹೊದೆಯಲೆಂದು ಹೊಲಿದ ಕೌದಿಗೆ ರಜಾಯಿಯ ವರ್ಗ, ಅದರಲ್ಲಿಯೂ ಕೈಕೆಲಸದ ಉಪವರ್ಗವಿದ್ದರೆ ಅದು, ಹೆಚ್ಚು ಸೂಕ್ತ. ತೊಟ್ಟಿಲ ಅಳತೆಯ ಪುಟ್ಟ ಕೌದಿಯಾದರೆ ಶಿಶುಗಳ ಹಾಸಿಗೆಯ ವರ್ಗವೇ ಅದರ ಮನೆ. ದೊಡ್ಡವರ ರಜಾಯಿಗಳ ನಡುವೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. "ಕೌದಿ" ಎಂಬ ಹೆಸರನ್ನು ಬಿಡಬೇಕಾಗಿಲ್ಲ. ಹೆಸರು ಶೀರ್ಷಿಕೆಯಲ್ಲಿರಲಿ, ಅದರ ಜೊತೆಗೆ ಕೊಳ್ಳುವವರು ಬಳಸುವ ಪದವೂ ಇರಲಿ. ವರ್ಗ ಮಾತ್ರ ಕೊಳ್ಳುವವರ ಭಾಷೆಯದಾಗಿರಬೇಕು.

ಇದನ್ನು ಪರೀಕ್ಷಿಸಲು ತಜ್ಞರು ಬೇಕಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ, ಮಾರಾಟಗಾರರ ಖಾತೆಗೆ ಹೋಗದೆ, ಸಾಮಾನ್ಯ ಗ್ರಾಹಕರಂತೆ ಹುಡುಕಿದರೆ ಸಾಕು. ದೂರದ ನಗರದವರು ಏನೆಂದು ಟೈಪಿಸಿಯಾರು ಎಂದು ಊಹಿಸಿ ಅದನ್ನೇ ಟೈಪಿಸಬೇಕು. ಮೊದಲು ಬಂದ ಇಪ್ಪತ್ತು ಸರಕುಗಳು ಸಂಘದ ಸರಕನ್ನು ಹೋಲುತ್ತವೆಯೇ? ಹೋಲುತ್ತಿದ್ದರೆ ಅವು ಯಾವ ವರ್ಗದಲ್ಲಿವೆ? ಹಲವು ವೇದಿಕೆಗಳಲ್ಲಿ ಸರಕಿನ ಪುಟದ ಮೇಲ್ಭಾಗದಲ್ಲಿ ವರ್ಗದ ದಾರಿ ಕಾಣುತ್ತದೆ: ಮನೆ ಬಳಕೆ, ಅದರೊಳಗೆ ಹಾಸಿಗೆ ವಸ್ತ್ರ, ಅದರೊಳಗೆ ರಜಾಯಿ. ಆ ದಾರಿಯ ಕೊನೆಯ ಮೆಟ್ಟಿಲನ್ನು ಬರೆದುಕೊಂಡು, ಸಂಘದ ಸರಕಿನ ಪುಟದಲ್ಲಿ ಅದೇ ಮೆಟ್ಟಿಲಿದೆಯೇ ಎಂದು ಹೋಲಿಸಬೇಕು. ಮಧ್ಯದ ಮೆಟ್ಟಿಲಿನಲ್ಲಿಯೇ ನಿಂತ ಸರಕು, ಕೊನೆಯ ಮೆಟ್ಟಿಲಿನ ಆಯ್ಕೆ ಒತ್ತಿದವರಿಗೆ ಕಾಣಿಸದು.

ಚನ್ನಪಟ್ಟಣದ ಬೊಂಬೆಗಳ ವಿಷಯದಲ್ಲಿ ವರ್ಗದ ಪ್ರಶ್ನೆಗೆ ಕಾನೂನಿನ ಮುಖವೂ ಸೇರಿಕೊಂಡಿದೆ. ಹಾಲೆ ಮರವನ್ನು ಲೇತಿನಲ್ಲಿ ತಿರುವಿ, ಅರಗಿನ ಬಣ್ಣ ಹಚ್ಚಿ ಮಾಡುವ ಈ ಆಟಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ದೇಶದಲ್ಲಿ ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ಹೀಗಾಗಿ ಆಟಿಕೆಯ ವರ್ಗವನ್ನು ಆರಿಸಿದೊಡನೆ ವೇದಿಕೆ ಆ ಪ್ರಮಾಣಪತ್ರವನ್ನು ಕೇಳುತ್ತದೆ. ಅದಕ್ಕೆ ಹೆದರಿದ ಕುಶಲಕರ್ಮಿ "ಗೃಹಾಲಂಕಾರ" ಎಂಬ ವರ್ಗಕ್ಕೆ ಸರಿದರೆ ಕಾಗದಪತ್ರದ ತೊಂದರೆ ತಪ್ಪುತ್ತದೆ, ಗಿರಾಕಿಯೂ ತಪ್ಪುತ್ತಾರೆ. ಒಂದು ವರ್ಷದ ಮಗುವಿಗೆ ಗಿಲಕಿ ಹುಡುಕುವ ತಾಯಿ ವಯಸ್ಸಿನ ಆಯ್ಕೆಯನ್ನು ಒತ್ತುತ್ತಾಳೆ. ಗೃಹಾಲಂಕಾರದ ವರ್ಗದಲ್ಲಿ ವಯಸ್ಸಿನ ಅಂಕಣವೇ ಇಲ್ಲ. ರಾಸಾಯನಿಕ ಬಣ್ಣಕ್ಕೆ ಅಂಜಿ ಅರಗಿನ ಬಣ್ಣದ ಮರದ ಆಟಿಕೆಯನ್ನೇ ಅರಸುತ್ತಿದ್ದ ಆ ತಾಯಿಗೆ ಚನ್ನಪಟ್ಟಣದ ಗಿಲಕಿ ಕಾಣಿಸದೇ ಹೋಗುತ್ತದೆ.

ಗಮನಿಸಬೇಕಾದ ಅಂಶವೆಂದರೆ ಅದೇ ಆದೇಶಕ್ಕೆ 2020ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿಯಲ್ಲಿ ವಿನಾಯಿತಿಯಿದೆ. ಕೇಂದ್ರ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ನೋಂದಾಯಿತ ಒಡೆಯರು ಮತ್ತು ಅಧಿಕೃತ ಬಳಕೆದಾರರ ಆಟಿಕೆಗಳಿಗೂ ಆ ಗುರುತು ಕಡ್ಡಾಯವಲ್ಲ. ಅಂದರೆ ಕುಶಲಕರ್ಮಿಯ ಗುರುತಿನ ಚೀಟಿ ಅಥವಾ ಅಧಿಕೃತ ಬಳಕೆದಾರರ ಪ್ರಮಾಣಪತ್ರ ಕೈಯಲ್ಲಿದ್ದರೆ ಸರಿಯಾದ ವರ್ಗದ ಬಾಗಿಲು ತೆರೆಯುವಂತೆ ವೇದಿಕೆಯನ್ನು ಕೋರಬಹುದು. ಕಾಗದಕ್ಕೆ ಅಂಜಿ ತಪ್ಪು ಸಾಲಿನಲ್ಲಿ ಕೂರುವುದಕ್ಕಿಂತ ಆ ಕಾಗದವನ್ನು ಮಾಡಿಸಿಕೊಡುವುದೇ ಲಾಭದ ದಾರಿ. ಇಂತಹ ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು ಸದಸ್ಯರು ತಮ್ಮ ವಾರ್ಡಿನಲ್ಲಿ ಮಾಡಬಹುದಾದ ಕೆಲಸ.

ಆಹಾರ ಪದಾರ್ಥಗಳಲ್ಲಿಯೂ ಇದೇ ಬಗೆಯ ಕಥೆ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ ಇಲ್ಲದೆ ಆಹಾರದ ವರ್ಗದಲ್ಲಿ ಜಾಗವಿಲ್ಲ. ಅದನ್ನು ತಪ್ಪಿಸಲು ಶೇಂಗಾ ಚಟ್ನಿಪುಡಿಯನ್ನು ಉಡುಗೊರೆಯ ವರ್ಗದಲ್ಲಿಡುವುದು ವ್ಯಾಪಾರಕ್ಕೂ ಹಿತವಲ್ಲ, ಕಾನೂನಿಗೂ ಸಮ್ಮತವಲ್ಲ. ಚಟ್ನಿಪುಡಿಗೆ ಉಪ್ಪಿನಕಾಯಿ ಮತ್ತು ಚಟ್ನಿಯ ಉಪವರ್ಗ ಒಂದು ಕಡೆ, ಮಸಾಲೆಪುಡಿಯ ಉಪವರ್ಗ ಇನ್ನೊಂದು ಕಡೆ. ಅನ್ನ ರೊಟ್ಟಿಯ ಜೊತೆ ನೇರವಾಗಿ ಕಲಸಿಕೊಂಡು ತಿನ್ನುವ ಪದಾರ್ಥವನ್ನು ಒಗ್ಗರಣೆಗೆ ಬಳಸುವ ಮಸಾಲೆಗಳ ನಡುವೆ ಇಟ್ಟರೆ, ತಪ್ಪಾಗಿ ಕೊಂಡವರ ಕಹಿ ಅಭಿಪ್ರಾಯ ಮುಂದಿನ ಮಾರಾಟಕ್ಕೂ ಅಡ್ಡ ನಿಲ್ಲುತ್ತದೆ. ಕಟಕ ಜೋಳದ ರೊಟ್ಟಿಯನ್ನು ಮಹಾರಾಷ್ಟ್ರದವರು ಭಾಕರಿ ಎಂದೇ ಹುಡುಕುತ್ತಾರೆ ಎಂಬುದನ್ನು ಗಡಿಜಿಲ್ಲೆಗಳ ಸಂಘಗಳು ಮರೆಯಬಾರದು.

ಕಡಿಮೆ ಸ್ಪರ್ಧೆಯಿರುವ ವರ್ಗದಲ್ಲಿ ಸರಕನ್ನು ಇಟ್ಟರೆ ಮೇಲಿನ ಸ್ಥಾನ ಸುಲಭವಾಗಿ ಸಿಗುತ್ತದೆ ಎಂಬ ಉಪದೇಶವನ್ನು ಕೆಲವು ಮಧ್ಯವರ್ತಿಗಳು ಹಣ ಪಡೆದು ಕೊಡುತ್ತಾರೆ. ಇದನ್ನು ಎಚ್ಚರಿಕೆಯಿಂದ ನೋಡಬೇಕು. ಸತ್ಯವಾದ ಎರಡು ವರ್ಗಗಳಲ್ಲಿ ಕಿರಿದಾದುದನ್ನು, ನಿರ್ದಿಷ್ಟವಾದುದನ್ನು ಆರಿಸುವುದು ಜಾಣತನ. ಸತ್ಯವಲ್ಲದ ವರ್ಗವನ್ನು ಆರಿಸುವುದು ಮೋಸ, ಮತ್ತು ಅದು ಬಹುಬೇಗ ಬಯಲಾಗುತ್ತದೆ: ವಾಪಸಾದ ಸರಕಿನ ಸಾಗಣೆ ವೆಚ್ಚ ಸಂಘದ ತಲೆಗೆ, ಬಳಿಕ ಪುಟವೇ ಸ್ಥಗಿತ. ಇಳಕಲ್ ಸೀರೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕೊಂಡಿ ಪದ್ಧತಿಯಲ್ಲಿ ಸೆರಗನ್ನು ಮೈಗೆ ಕೂಡಿಸಿ ನೇಯ್ದ ಕೈಮಗ್ಗದ ಸೀರೆಯೂ, ಅದರ ಚಿತ್ತಾರವನ್ನು ನಕಲು ಮಾಡಿದ ವಿದ್ಯುತ್ ಮಗ್ಗದ ಸೀರೆಯೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಎರಡನ್ನೂ "ಕೈಮಗ್ಗ" ಎಂದು ದಾಖಲಿಸಿದರೆ ನಷ್ಟ ಆಗುವುದು ನಿಜವಾದ ನೇಕಾರನಿಗೆ. ತಮ್ಮ ಊರಿನ ನೇಕಾರರ ಪರವಾಗಿ ಪಂಚಾಯಿತಿ ನಿಲ್ಲಬೇಕಾದ ಜಾಗ ಇದು. ಕೈಮಗ್ಗ ಗುರುತು ಪಡೆದ ನೇಕಾರರ ಸರಕಿನ ಪುಟದಲ್ಲಿ ಆ ಗುರುತಿನ ಚಿತ್ರವೂ, ನೇಯ್ಗೆಯ ಅಂಕಣದಲ್ಲಿ ಕೈಮಗ್ಗ ಎಂಬ ಉತ್ತರವೂ ಇರುವಂತೆ ನೋಡಿಕೊಳ್ಳಬೇಕು.

ಜಿಎಸ್‌ಟಿಗೆ ಬಳಸುವ ಎಚ್‌ಎಸ್‌ಎನ್ ಸಂಕೇತವನ್ನೂ ವೇದಿಕೆಯ ವರ್ಗವನ್ನೂ ಒಂದೇ ಎಂದು ತಿಳಿಯುವವರುಂಟು. ಮೊದಲನೆಯದು ತೆರಿಗೆಗೆ, ಎರಡನೆಯದು ಹುಡುಕಾಟಕ್ಕೆ. ಆದರೆ ಎರಡೂ ಪರಸ್ಪರ ವಿರುದ್ಧವಾಗಿರಬಾರದು: ಆಟಿಕೆಗಳ ಸಂಕೇತ 9503, ಮರದ ಅಲಂಕಾರ ವಸ್ತುಗಳದು 4420. ಪುಟದಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ವಿವರಣೆ ಕೇಳಿಸಿಕೊಳ್ಳಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ವಹಿವಾಟಿನ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿಯಿಲ್ಲದೆ, ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ವೇದಿಕೆಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು. ಹಾಗೆ ಮಾರುವ ಸಂಘಕ್ಕೆ ಮುಂಬಯಿಯ ಗ್ರಾಹಕರು ಸಿಗುವುದಿಲ್ಲ. ಅಲ್ಲಿ ಕಾಣದಿರುವುದಕ್ಕೆ ವರ್ಗ ಕಾರಣವಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ವೃಥಾ ಅಲೆದಾಟ ತಪ್ಪುತ್ತದೆ.

ಸರ್ಕಾರಿ ಕಚೇರಿಗಳಿಗೆ ಮಾರುವ ಸಂಘಗಳಿಗೆ ವರ್ಗದ ಮಹತ್ವ ಇನ್ನೂ ಹೆಚ್ಚು. 2016ರ ಆಗಸ್ಟಿನಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್ ವೇದಿಕೆಯಲ್ಲಿ ಕೊಳ್ಳುವ ಅಧಿಕಾರಿ ಮೊದಲು ವರ್ಗವನ್ನೇ ಆರಿಸುತ್ತಾರೆ. ಬಿಡ್ಡು ಹೊರಡುವುದು ಆ ವರ್ಗದ ಹೆಸರಿನಲ್ಲಿ. ಆ ವರ್ಗದಲ್ಲಿ ಸರಕು ನೋಂದಾಯಿಸದ ಸಂಘಕ್ಕೆ ಅವಕಾಶ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಸ್ವಸಹಾಯ ಸಂಘಗಳ ಸರಕಿಗಾಗಿ ಜೆಮ್‌ನಲ್ಲಿ 2020ರಲ್ಲಿ ಸರಸ್ ಸಂಗ್ರಹವೆಂಬ ಪ್ರತ್ಯೇಕ ಅಂಗಡಿ ತೆರೆದಿದೆ. ಅಲ್ಲಿಯೂ ಸೆಣಬಿನ ಚೀಲವನ್ನು ಕಚೇರಿಯ ಫೈಲು ಚೀಲದ ವರ್ಗದಲ್ಲಿ ಇಟ್ಟವರಿಗೂ, ಕರಕುಶಲ ವಸ್ತುವೆಂದು ಇಟ್ಟವರಿಗೂ ಬರುವ ಅವಕಾಶಗಳು ಬೇರೆಬೇರೆ. 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಒಎನ್‌ಡಿಸಿ ಜಾಲದಲ್ಲಿ ಕಿರಾಣಿ, ಉಡುಪು, ಗೃಹಬಳಕೆ ಎಂಬ ಪ್ರತ್ಯೇಕ ಕ್ಷೇತ್ರಗಳಿವೆ. ಗ್ರಾಹಕರ ಆಪ್ ಹೊರಡಿಸುವ ಹುಡುಕಾಟ ಆ ಕ್ಷೇತ್ರದ ಸಂಕೇತ ಹೊತ್ತೇ ಹೊರಡುತ್ತದೆ. ಕ್ಷೇತ್ರವೇ ತಪ್ಪಿದರೆ ಪ್ರಶ್ನೆಯೇ ಅಂಗಡಿಗೆ ತಲುಪದು.

ವೇದಿಕೆಗಳು ಇವೆಲ್ಲವನ್ನೂ ಗುಟ್ಟಾಗಿಡುವಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಸರಕು ಅಥವಾ ಮಾರಾಟಗಾರರ ಸ್ಥಾನವನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನೂ ಅವುಗಳ ತುಲನಾತ್ಮಕ ಮಹತ್ವವನ್ನೂ ಸರಳ ಭಾಷೆಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು ಮಾರುಕಟ್ಟೆ ವೇದಿಕೆಗಳ ಕರ್ತವ್ಯ. ಆ ಪುಟವನ್ನು ಓದಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಿಗೆ ಕನ್ನಡದಲ್ಲಿ ತಿಳಿಸಬಲ್ಲ ಒಬ್ಬ ಪದವೀಧರ ಯುವಕ ಅಥವಾ ಯುವತಿ ಪ್ರತಿ ಪಂಚಾಯಿತಿಯಲ್ಲೂ ಸಿಗುತ್ತಾರೆ.

ಇನ್ನು ಒಕ್ಕೂಟದ ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆ. "ಆರ್ಡರ್ ಎಷ್ಟು ಬಂತು?" ಎಂಬುದೊಂದೇ ಸಾಲದು. ಮಾರಾಟಗಾರರ ಖಾತೆಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ಸಿಗುತ್ತವೆ: ಸರಕು ಎಷ್ಟು ಸಲ ಪರದೆಯ ಮೇಲೆ ಕಾಣಿಸಿಕೊಂಡಿತು, ಎಷ್ಟು ಜನ ಅದನ್ನು ಒತ್ತಿ ನೋಡಿದರು, ಎಷ್ಟು ಜನ ಕೊಂಡರು. ಕಾಣಿಸಿಕೊಂಡದ್ದೇ ಕಡಿಮೆಯಿದ್ದರೆ ದೋಷ ವರ್ಗದಲ್ಲಿ ಅಥವಾ ಶೀರ್ಷಿಕೆಯ ಪದಗಳಲ್ಲಿ ಇರುವ ಸಂಭವ ಹೆಚ್ಚು. ಬಹಳ ಸಲ ಕಾಣಿಸಿಯೂ ಯಾರೂ ಒತ್ತದಿದ್ದರೆ ಛಾಯಾಚಿತ್ರವನ್ನೂ ಬೆಲೆಯನ್ನೂ ನೋಡಬೇಕು. ಸರಕು ಸಲ್ಲದ ಸಾಲಿನಲ್ಲಿ ಕುಳಿತಿದ್ದರೂ ಹೀಗಾಗಬಹುದು. ಒತ್ತಿ ನೋಡಿ ಕೊಳ್ಳದೆ ಹೋಗುತ್ತಿದ್ದರೆ ಸಾಗಣೆ ವೆಚ್ಚ, ವಿವರಣೆ, ಅಭಿಪ್ರಾಯಗಳನ್ನು ಪರಿಶೀಲಿಸಬೇಕು. ಈ ಮೂರು ಅಂಕಿಗಳನ್ನು ನೋಡದೆ ಸಂಘವೊಂದರ ಉತ್ಪಾದನೆಯನ್ನು ನಿಲ್ಲಿಸುವ ಠರಾವಿಗೆ ಯಾವ ಸದಸ್ಯರೂ ಕೈ ಎತ್ತಬಾರದು.

ವರ್ಗ ಬದಲಿಸಲು ಕೆಲವು ವೇದಿಕೆಗಳಲ್ಲಿ ಮಾರಾಟಗಾರರ ಸಹಾಯ ವಿಭಾಗಕ್ಕೆ ಮನವಿ ಸಲ್ಲಿಸಬೇಕಾಗುತ್ತದೆ. ಬೇಸತ್ತು ಅದೇ ಸರಕಿಗೆ ಇನ್ನೊಂದು ಪುಟ ತೆರೆಯಬಾರದು. ನಕಲು ಪುಟವೆಂದು ಎರಡೂ ನಿಂತುಹೋಗಬಹುದು. ಬದಲಾದ ಮೇಲೆ ಹೊಸ ವರ್ಗದ ಎಲ್ಲ ಅಂಕಣಗಳನ್ನೂ ಮತ್ತೆ ತುಂಬಬೇಕು, ಕೆಲವು ವಾರ ಅಂಕಿಗಳನ್ನು ಗಮನಿಸಬೇಕು. ಕೌದಿ ಕಂಬಳಿಗಳಿಗೆ ಹುಡುಕಾಟ ಏರುವುದು ಚಳಿಗಾಲದ ಮುಂಚೆ, ಆದ್ದರಿಂದ ಅವುಗಳ ತಿದ್ದುಪಡಿಯನ್ನು ಸೆಪ್ಟೆಂಬರಿನೊಳಗೆ ಮುಗಿಸುವಂತೆ ಒಕ್ಕೂಟಗಳ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವುದು ಒಳಿತು.